ವಾಂತಿ-ಭೇದಿ: ಎಮರ್ಜೆನ್ಸಿಯಲ್ಲಿ ಟೆಸ್ಟ್ ಯಾವಾಗ ಬೇಕು, ಆ್ಯಂಟಿಬಯೋಟಿಕ್ ಯಾರಿಗೆ ಬೇಕು?

ಮಳೆಗಾಲ ಶುರುವಾಯ್ತು ಅಂದ್ರೆ ತಾಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ ವಾಂತಿ-ಭೇದಿ ಕೇಸುಗಳು ಬರೋಕೆ ಶುರು. ಎಷ್ಟೋ ಜನ ಆಸ್ಪತ್ರೆ ಮೆಟ್ಟಿಲು ಹತ್ತುವ ಮೊದಲೇ ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತಂದು ನುಂಗಿರುತ್ತಾರೆ. ಬಂದ ಮೇಲೆ 'ಒಂದು ಬಾಟಲಿ ಗ್ಲೂಕೋಸ್ ಹಾಕಿ, ಎಲ್ಲಾ ಟೆಸ್ಟ್ ಮಾಡ್ಸಿ, ಪವರ್ ಜಾಸ್ತಿ ಇರೋ ಮಾತ್ರೆ ಬರೀರಿ' ಅಂತ ಒತ್ತಾಯ ಮಾಡುತ್ತಾರೆ. ಆದರೆ ವಾಂತಿ-ಭೇದಿಯಲ್ಲಿ ಜೀವ ಉಳಿಸುವುದು ಹೆಚ್ಚಿನ ಸಲ ಈ ಮೂರೂ ಅಲ್ಲ.

2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದನ್ನು ರಾಜ್ಯ ನೋಡಿದೆ. ಕವಾಡಿಗರಹಟ್ಟಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿದ್ದರು. ಹಾಗಾಗಿ ಇದು 'ಹೊಟ್ಟೆ ಕೆಟ್ಟಿದೆ ಅಷ್ಟೇ' ಅಂತ ಬಿಡುವ ವಿಷಯ ಅಲ್ಲ.

ಜೀವ ತೆಗೆಯೋದು ನೀರಿನ ಕೊರತೆ

ಭೇದಿಗೆ ವೈರಸ್, ಬ್ಯಾಕ್ಟೀರಿಯಾ, ಅಮೀಬಾ ಹೀಗೆ ಕಾರಣ ಹಲವು. ಯಾವುದೇ ಇರಲಿ, ಹೆಚ್ಚಿನ ಸಾವುಗಳಿಗೆ ಕಾರಣ ದೇಹದಿಂದ ನೀರು ಮತ್ತು ಉಪ್ಪಿನಂಶ ಹರಿದುಹೋಗುವುದು. ಕಾಲರಾದಲ್ಲಿ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ ಬರಬಹುದು.

ಅದಕ್ಕೇ ಎಮರ್ಜೆನ್ಸಿಯಲ್ಲಿ ವೈದ್ಯರು ಮೊದಲು ನೋಡುವುದು ಯಾವ ರೋಗಾಣು ಅಂತಲ್ಲ, ಎಷ್ಟು ನೀರು ಹೋಗಿದೆ ಅಂತ. ಕಣ್ಣು ಗುಳಿ ಬಿದ್ದಿದೆಯಾ, ಮಗು ಮಂಕಾಗಿದೆಯಾ, ಕುಡಿಯೋಕೆ ಆಗ್ತಿದೆಯಾ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಎಷ್ಟು ಬೇಗ ಮೊದಲಿನಂತಾಗುತ್ತೆ ಎಂದು ಪರೀಕ್ಷಿಸುತ್ತಾರೆ. ಚಿವುಟಿದ ಮಡಿಕೆ 2 ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಹಾಗೇ ನಿಂತರೆ ಪರಿಸ್ಥಿತಿ ಗಂಭೀರ ಎಂದರ್ಥ.

ಕುಡಿಯುವ ಶಕ್ತಿ ಇದ್ದವರಿಗೆ ಓಆರ್‌ಎಸ್ ಸಾಕು. ಸ್ವಲ್ಪ ನಿರ್ಜಲೀಕರಣ ಆಗಿದ್ದರೆ ಕೆಜಿ ತೂಕಕ್ಕೆ 75 ಎಂಎಲ್ ಲೆಕ್ಕದಲ್ಲಿ 4 ಗಂಟೆಯೊಳಗೆ ಕುಡಿಸಬೇಕು. ಅಂದ್ರೆ 10 ಕೆಜಿ ಮಗುವಿಗೆ 750 ಎಂಎಲ್, ಚಮಚದಲ್ಲಿ ನಿಧಾನಕ್ಕೆ. ತೀವ್ರವಾಗಿದ್ದರೆ ಮಾತ್ರ ಡ್ರಿಪ್. ಅದರಲ್ಲೂ ಬೇಕಾಗಿರುವುದು ರಿಂಗರ್ ಲ್ಯಾಕ್ಟೇಟ್‌ನಂಥ ಉಪ್ಪಿನಂಶದ ದ್ರಾವಣ. ಜನ ಎಲ್ಲಾ ಬಾಟಲಿಗೂ 'ಗ್ಲೂಕೋಸ್' ಅಂತಾರೆ, ಆದರೆ ಬರೀ ಗ್ಲೂಕೋಸ್ ಬಾಟಲಿಯಿಂದ ಕಳೆದುಹೋದ ಉಪ್ಪು ವಾಪಸ್ ಬರಲ್ಲ.

ಓಆರ್‌ಎಸ್ ಅಂದ್ರೆ ಸಣ್ಣ ಔಷಧಿ ಅನ್ನೋರು 1971ನ್ನು ನೆನೆಯಬೇಕು. ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಡ್ರಿಪ್ ಬಾಟಲಿಗಳು ಖಾಲಿಯಾದವು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸೋಕೆ ಶುರು ಮಾಡಿದರು. ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಯಾವ ಟೆಸ್ಟ್ ಏನು ಹೇಳುತ್ತೆ?

ರಕ್ತ ಇಲ್ಲದ, ಜೋರು ಜ್ವರ ಇಲ್ಲದ ನೀರು ಭೇದಿಗೆ ಹೆಚ್ಚಿನವರಿಗೆ ಮಲ ಪರೀಕ್ಷೆಯೇ ಬೇಕಾಗಿಲ್ಲ. ಬೇಕಾದಾಗ ಇರುವ ದಾರಿಗಳು ಇವು:

* ಮೈಕ್ರೋಸ್ಕೋಪ್ ಪರೀಕ್ಷೆ: ಸಾಮಾನ್ಯ ಲ್ಯಾಬ್‌ನಲ್ಲೇ ಆಗುತ್ತೆ. ಕೀವು ಕಣ, ರಕ್ತ ಕಣ, ಅಮೀಬಾ, ಜಿಯಾರ್ಡಿಯಾ ಇದೆಯಾ ಅಂತ ಗೊತ್ತಾಗುತ್ತೆ.
* ರಾಪಿಡ್ ಕಾರ್ಡ್: ಕಾಲರಾ, ರೋಟಾವೈರಸ್‌ಗೆ ಇದೆ. ಸುಮಾರು 15-20 ನಿಮಿಷದಲ್ಲಿ ಗೆರೆ ಮೂಡುತ್ತೆ. ಕಾಲರಾ ಕಾರ್ಡ್‌ನ ಮುಖ್ಯ ಉಪಯೋಗ ಊರಿನಲ್ಲಿ ಕಾಲರಾ ಬಂದಿದೆಯಾ ಅಂತ ಬೇಗ ಪತ್ತೆ ಹಚ್ಚಲು. ಖಚಿತ ಮಾಡೋಕೆ ಕಲ್ಚರ್ ಅಥವಾ ಪಿಸಿಆರ್ ಬೇಕು. ಮಗುವಿಗೆ ರೋಟಾವೈರಸ್ ಅಂತ ಬಂದರೆ ಆ್ಯಂಟಿಬಯೋಟಿಕ್‌ನಿಂದ ಪ್ರಯೋಜನ ಇಲ್ಲ.
* ಸ್ಟೂಲ್ ಕಲ್ಚರ್: ರಿಪೋರ್ಟ್‌ಗೆ 2-3 ದಿನ. ಆದರೆ ಯಾವ ಔಷಧಿಗೆ ರೋಗಾಣು ಬಗ್ಗುತ್ತೆ ಅಂತ ಹೇಳುವುದು ಇದೇ.
* ಪಿಸಿಆರ್ ಪ್ಯಾನೆಲ್: ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತೆ. ಒಂದೇ ಮಾದರಿಯಲ್ಲಿ 20ಕ್ಕೂ ಹೆಚ್ಚು ರೋಗಾಣುಗಳನ್ನು ಸುಮಾರು ಒಂದು ಗಂಟೆಯಲ್ಲಿ ಹುಡುಕುತ್ತೆ. ಖರ್ಚು ಸಾವಿರಾರು ರೂಪಾಯಿ. ಸತ್ತ ರೋಗಾಣುವಿನ ಅಂಶ ಇದ್ದರೂ 'ಪಾಸಿಟಿವ್' ಬರಬಹುದು. ಹಾಗಾಗಿ ಪಾಸಿಟಿವ್ ಬಂದ ತಕ್ಷಣ ಮಾತ್ರೆ ಬೇಕು ಅಂತಲ್ಲ.

ರಕ್ತ ಭೇದಿ, ಜೋರು ಜ್ವರ, ತೀವ್ರ ಹೊಟ್ಟೆನೋವು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು, ಎರಡು ವಾರ ದಾಟಿದ ಭೇದಿ, ಒಂದೇ ಊರಲ್ಲಿ ಹಲವರಿಗೆ ಒಟ್ಟಿಗೆ ಬಂದಿದ್ದು, ಇಂಥ ಕಡೆ ಪರೀಕ್ಷೆ ಬೇಕೇ ಬೇಕು. ಮಾದರಿಯನ್ನು ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ಕೊಡಬೇಕು. ಮನೆಯಲ್ಲಿ ಮಾತ್ರೆ ನುಂಗಿ ಬಂದರೆ ಕಲ್ಚರ್‌ನಲ್ಲಿ ರೋಗಾಣು ಬೆಳೆಯದೇ ಹೋಗಬಹುದು.

ಇನ್ನು ಭೇದಿ ಜೊತೆ ಸ್ವಲ್ಪ ಜ್ವರ ಬಂದ ಕೂಡಲೇ ವಿಡಾಲ್ ಟೆಸ್ಟ್ ಮಾಡಿಸುವ ರೂಢಿ ಇದೆ. ಅದು ಟೈಫಾಯ್ಡ್‌ಗೆ ಮಾಡುವ ರಕ್ತ ಪರೀಕ್ಷೆ. ಹಿಂದೆ ಟೈಫಾಯ್ಡ್ ಬಂದು ಹೋಗಿದ್ದರೂ, ಲಸಿಕೆ ತಗೊಂಡಿದ್ದರೂ ಪಾಸಿಟಿವ್ ತೋರಿಸಬಹುದು. ಭೇದಿಯ ಕಾರಣ ಇದರಿಂದ ಗೊತ್ತಾಗಲ್ಲ.

ಆ್ಯಂಟಿಬಯೋಟಿಕ್ ಯಾರಿಗೆ ಬೇಕು?

ವೈದ್ಯರು ಸಾಮಾನ್ಯವಾಗಿ ಇಂಥವರಿಗೆ ಬರೆಯುತ್ತಾರೆ:

* ಜ್ವರ, ಹೊಟ್ಟೆ ಹಿಂಡುವ ನೋವಿನ ಜೊತೆ ರಕ್ತ-ಆಮ ಭೇದಿ ಇರುವವರಿಗೆ (ಶಿಗೆಲ್ಲಾ ಶಂಕೆ)
* ತೀವ್ರ ನಿರ್ಜಲೀಕರಣ ಆದ ಕಾಲರಾ ರೋಗಿಗೆ, ಡ್ರಿಪ್ ಜೊತೆಗೆ
* ಬ್ಯಾಕ್ಟೀರಿಯಾ ಸೋಂಕಿನ ಶಂಕೆ ಇರುವ 3 ತಿಂಗಳೊಳಗಿನ ಕೂಸಿಗೆ
* ಸೋಂಕು ರಕ್ತಕ್ಕೆ ಹರಡಿದ ಲಕ್ಷಣ ಇರುವವರಿಗೆ
* ಅಮೀಬಾ, ಜಿಯಾರ್ಡಿಯಾ ಪರೀಕ್ಷೆಯಲ್ಲಿ ಕಂಡವರಿಗೆ, ಅದಕ್ಕೆ ಬೇರೆ ಔಷಧಿ

ವೈರಸ್ ಭೇದಿಗೆ ಬೇಡ. ಮದುವೆ ಊಟ ಮಾಡಿ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಅದು ಹೆಚ್ಚಾಗಿ ಆಹಾರದಲ್ಲಿ ಮೊದಲೇ ಉತ್ಪತ್ತಿಯಾದ ವಿಷದಿಂದ. ಅದಕ್ಕೂ ಆ್ಯಂಟಿಬಯೋಟಿಕ್ ಕೆಲಸ ಮಾಡಲ್ಲ.

ಬೇಡದೇ ನುಂಗಿದರೆ ಏನಾಗುತ್ತೆ?

ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಭೇದಿ ಇನ್ನಷ್ಟು ಎಳೆಯಬಹುದು. ಇ-ಕೊಲೈ ರೋಗಾಣುವಿನಲ್ಲೇ ಶಿಗಾ ವಿಷ ಉಗುಳುವ ಒಂದು ಜಾತಿ ಇದೆ. ಅದಕ್ಕೆ ಕೆಲವು ಆ್ಯಂಟಿಬಯೋಟಿಕ್ ಕೊಟ್ಟರೆ, ಮುಖ್ಯವಾಗಿ ಮಕ್ಕಳಲ್ಲಿ, ಕಿಡ್ನಿಗೆ ಪೆಟ್ಟು ಬೀಳುವ ಅಪಾಯ ಹೆಚ್ಚಬಹುದು. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನೂ ಮಕ್ಕಳಿಗೆ, ಜ್ವರ ಅಥವಾ ರಕ್ತ ಇರುವ ಭೇದಿಗೆ ಕೊಡಬಾರದು.

ದೊಡ್ಡ ನಷ್ಟ ಇರುವುದು ಊರಿಗೆ. ಒಂದು ಕಾಲಕ್ಕೆ ಭೇದಿ, ಟೈಫಾಯ್ಡ್ ಎರಡಕ್ಕೂ ರಾಮಬಾಣ ಆಗಿದ್ದ ಸಿಪ್ರೊಫ್ಲಾಕ್ಸಾಸಿನ್‌ಗೆ ಇವತ್ತು ದೇಶದಲ್ಲಿ ಟೈಫಾಯ್ಡ್ ಮತ್ತು ಶಿಗೆಲ್ಲಾ ರೋಗಾಣುಗಳು ಬಹುಮಟ್ಟಿಗೆ ಬಗ್ಗುತ್ತಿಲ್ಲ. ಹೀಗೆ ಒಂದೊಂದೇ ಔಷಧಿ ಕೈಬಿಟ್ಟರೆ, ನಿಜವಾಗಿ ರಕ್ತ ಭೇದಿ ಬಂದ ಮಗುವಿಗೆ ಕೊಡೋಕೆ ಏನೂ ಉಳಿಯಲ್ಲ.

ಅಂಗಡಿಯವರಿಗೆ ಗೊತ್ತಿರಬೇಕಾದ್ದು

'ಲೂಸ್ ಮೋಷನ್‌ಗೆ ಏನಾದ್ರೂ ಕೊಡಿ' ಅಂದಾಗ ಕೌಂಟರ್ ಮೇಲೆ ಬರುವ ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಸ್ಟ್ರಿಪ್ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಸ್ಟ್ರಿಪ್ ಮೇಲಿನ ಕೆಂಪು ಗೆರೆಯ ಅರ್ಥವೇ ಅದು. ಸೆಫಿಕ್ಸಿಮ್‌ನಂಥವು 2014ರ ಮಾರ್ಚ್‌ನಿಂದ ಜಾರಿಯಾದ ಶೆಡ್ಯೂಲ್ ಎಚ್-1ರಲ್ಲಿವೆ. ಇವನ್ನು ಮಾರಿದರೆ ವೈದ್ಯರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು.

ಕಿರಾಣಿ, ಬೇಕರಿಯವರೂ ಗಮನಿಸಬೇಕು. ಹಣ್ಣಿನ ರುಚಿಯ ಸಿಹಿ ಪಾನೀಯದ ಪ್ಯಾಕ್ ಮೇಲೆ 'ಓಆರ್‌ಎಸ್' ಅಂತ ಹೆಸರು ಹಾಕುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ. ಸಕ್ಕರೆ ಜಾಸ್ತಿ ಇರುವ ಪಾನೀಯ ಭೇದಿಯನ್ನು ಹೆಚ್ಚಿಸುತ್ತೆ. ಅಸಲಿ ಓಆರ್‌ಎಸ್ ಪುಡಿಯ ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇರುತ್ತೆ. 1 ಲೀಟರ್‌ನ ದೊಡ್ಡ ಪ್ಯಾಕೆಟ್ 20.5 ಗ್ರಾಂ.

ಮನೆಯಲ್ಲಿ ಮಾಡಬೇಕಾದ್ದು

* ಪ್ಯಾಕೆಟ್ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಪುಡಿ ಬೆರೆಸಿ. ಅರ್ಧ ಪುಡಿ, ಅಂದಾಜು ನೀರು ಬೇಡ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ.
* ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ 50-100 ಎಂಎಲ್, 2ರಿಂದ 10 ವರ್ಷದವರಿಗೆ 100-200 ಎಂಎಲ್, ದೊಡ್ಡವರಿಗೆ ಬೇಕಾದಷ್ಟು. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ನಿಧಾನಕ್ಕೆ ಕೊಡಿ.
* ಮಕ್ಕಳಿಗೆ ಜಿಂಕ್ ಮಾತ್ರೆ 14 ದಿನ: 2ರಿಂದ 6 ತಿಂಗಳವರೆಗೆ ದಿನಕ್ಕೆ 10 ಮಿಗ್ರಾಂ, ಅದರ ಮೇಲೆ 5 ವರ್ಷದವರೆಗೆ 20 ಮಿಗ್ರಾಂ. ಭೇದಿ ನಿಂತರೂ ಕೋರ್ಸ್ ಮುಗಿಸಿ. ಓಆರ್‌ಎಸ್ ಮತ್ತು ಜಿಂಕ್ ಎರಡಕ್ಕೂ ಆಶಾ ಕಾರ್ಯಕರ್ತೆಯರನ್ನು ಕೇಳಿ.
* ಎದೆಹಾಲು, ಗಂಜಿ, ಮಜ್ಜಿಗೆ, ಅನ್ನ ನಿಲ್ಲಿಸಬೇಡಿ.

ತಡ ಮಾಡದೆ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?

ಮಲದಲ್ಲಿ ರಕ್ತ, ಕುಡಿದಿದ್ದೆಲ್ಲ ವಾಂತಿ, 6 ಗಂಟೆಯಿಂದ ಮೂತ್ರ ಇಲ್ಲ, ಮಗು ಮಂಕಾಗಿದೆ, ಕಣ್ಣು ಗುಳಿ ಬಿದ್ದಿದೆ, ಅಕ್ಕಿ ತೊಳೆದ ನೀರಿನಂಥ ಭೇದಿ ಬಿಡದೆ ಆಗ್ತಿದೆ, ಇವುಗಳಲ್ಲಿ ಒಂದು ಇದ್ದರೂ ಹೊರಡಿ. ದಾರಿಯಲ್ಲೂ ಓಆರ್‌ಎಸ್ ಕುಡಿಸುತ್ತಿರಿ. ಮೊದಲೇ ಯಾವುದಾದರೂ ಮಾತ್ರೆ ಕೊಟ್ಟಿದ್ದರೆ ಮುಚ್ಚಿಡದೆ ಸ್ಟ್ರಿಪ್ ತಗೊಂಡು ಹೋಗಿ ವೈದ್ಯರಿಗೆ ತೋರಿಸಿ.

ಒಂದೇ ಓಣಿಯಲ್ಲಿ ಎರಡು-ಮೂರು ಮನೆಗೆ ಒಟ್ಟಿಗೆ ವಾಂತಿ-ಭೇದಿ ಬಂದರೆ ಆಶಾ ಕಾರ್ಯಕರ್ತೆ, ಪಿಎಚ್‌ಸಿ ಮತ್ತು ಗ್ರಾಮ ಪಂಚಾಯಿತಿ ಮೂವರಿಗೂ ಅದೇ ದಿನ ತಿಳಿಸಿ. ನಲ್ಲಿ ನೀರಿನ ಪರೀಕ್ಷೆ ಆಗುವ ತನಕ ಕುದಿಸಿದ ನೀರನ್ನೇ ಕುಡಿಯಿರಿ.

ಆಂಬುಲೆನ್ಸ್: 108
ಆರೋಗ್ಯ ಸಹಾಯವಾಣಿ: 104