ಪಂಜರದ ಗಿಳಿಗೆ ನೋಂದಣಿ ಸಂಖ್ಯೆ

ಬೇಲೂರಿನ ದೇವಾಲಯದ ಮದನಿಕೆಯರಲ್ಲಿ ಶುಕಭಾಷಿಣಿ ಎಂಬೊಬ್ಬಳಿದ್ದಾಳೆ. ಗಿಳಿಯೊಡನೆ ಮಾತಿಗೆ ನಿಂತವಳು. ಆ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಮುಂದೆ ಒಂದೆರಡು ದಶಕದೊಳಗೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದ. ಡೇಗೆಯ ಬೇಟೆ, ಲಾವಕ್ಕಿ ಕಾಳಗ, ಪಾರಿವಾಳದ ಆಟ ಎಲ್ಲವೂ ಅದರಲ್ಲಿ ರಾಜನ ವಿನೋದಗಳು. ಹಕ್ಕಿ ಸಾಕುವುದು ನಮ್ಮ ನಾಡಿನಲ್ಲಿ ಇಷ್ಟು ಹಳೆಯ ಅಭ್ಯಾಸ. ಅದು ಕಾನೂನಿನ ಕಣ್ಣಿಗೆ ಬಿದ್ದದ್ದು ಮಾತ್ರ ತೀರಾ ಇತ್ತೀಚೆಗೆ.

ಅರಸೀಕೆರೆ ಸೀಮೆಯ ನಮ್ಮಜ್ಜಿಯ ಮನೆಯಲ್ಲಿ ಪಡಸಾಲೆಯ ತೊಲೆಗೆ ಗಿಳಿಯ ಪಂಜರ ತೂಗುತ್ತಿತ್ತು. ಬೇಸಿಗೆಗೆ ಮುಂಚೆ ತೆಂಗಿನ ಮರದ ಪೊಟರೆಗಳಲ್ಲಿ ಮರಿಗಳು ಬಲಿಯುತ್ತವಲ್ಲ, ಆಗ ಹಕ್ಕಿಪಿಕ್ಕಿಯವರು ಬುಟ್ಟಿ ಹೊತ್ತು ಊರಿಗೆ ಬರುತ್ತಿದ್ದರು. ಅಜ್ಜಿ ರಾಗಿ ಅಳೆದುಕೊಟ್ಟು ಮರಿ ತೆಗೆದುಕೊಳ್ಳುತ್ತಿದ್ದಳು, ನೆನೆಸಿದ ಕಡಲೆಬೇಳೆ ತಿನ್ನಿಸಿ ‘ರಾಮ ರಾಮ’ ಕಲಿಸುತ್ತಿದ್ದಳು. ಕೊಂಡವಳಿಗೂ ಮಾರಿದವರಿಗೂ ಅದು ತಪ್ಪೆಂಬ ಯೋಚನೆಯೇ ಇರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಹಕ್ಕಿ ವ್ಯಾಪಾರ ತಟ್ಟನೆ ನಿಲ್ಲಲಿಲ್ಲ. ಲೈಸೆನ್ಸ್ ಇದ್ದವರು ಮಾರುತ್ತಿದ್ದರು, ಗಿಳಿಗಳು ವಿದೇಶಕ್ಕೂ ರವಾನೆಯಾಗುತ್ತಿದ್ದವು. ಆ ಬಾಗಿಲು ಮುಚ್ಚಿದ್ದು 1990–91ರ ಹೊತ್ತಿಗೆ. ಮೊದಲು ರಫ್ತು, ಆಮೇಲೆ ದೇಶದೊಳಗಿನ ಮಾರಾಟ ನಿಂತಿತು. ಅಂದಿನಿಂದ ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು ಅಪರಾಧ. 2022ರ ತಿದ್ದುಪಡಿ ಅದನ್ನು ಎರಡನೆಯ ಅನುಸೂಚಿಗೆ ಏರಿಸಿತು. ಶಿಕ್ಷೆ ಮೂರು ವರ್ಷದ ಸಜೆಯವರೆಗೆ, ದಂಡ ಒಂದು ಲಕ್ಷದವರೆಗೆ. ಹಕ್ಕಿಪಿಕ್ಕಿಯವರ ಕಸುಬನ್ನು ಕಾನೂನು ಕಿತ್ತುಕೊಂಡಿತು, ಬದಲಿಗೆ ಏನು ಕೊಟ್ಟಿತು ಎಂದು ಕೇಳಿದವರು ಕಡಿಮೆ. ಹುಣಸೂರಿನ ಪಕ್ಷಿರಾಜಪುರದಂಥ ಕಾಲೊನಿಗಳಲ್ಲಿ ನೆಲೆ ನಿಂತ ಆ ಜನ ಗಿಡಮೂಲಿಕೆ ಎಣ್ಣೆ ಹಿಡಿದು ಆಫ್ರಿಕಾದ ದೇಶಗಳವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧದ ನಡುವೆ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಅವರೇ ಹೆಚ್ಚು ಸುದ್ದಿಯಾದದ್ದು.

ವ್ಯಾಪಾರ ನಿಂತರೂ ಹಕ್ಕಿ ಸಾಕುವ ಆಸೆ ನಿಲ್ಲಲಿಲ್ಲ, ಅದು ಹೊರದೇಶದ ಹಕ್ಕಿಗಳ ಕಡೆ ಹೊರಳಿತು. ಕಾಯ್ದೆಯ ಅನುಸೂಚಿಗಳಲ್ಲಿದ್ದದ್ದು ನಮ್ಮ ಕಾಡಿನ ಜೀವಿಗಳು. ವಿದೇಶಿ ಹಕ್ಕಿ ಸುಂಕದ ಕಟ್ಟೆ ದಾಟಿ ಒಳಗೆ ಬಂದಮೇಲೆ ಅದನ್ನು ಕೇಳುವವರಿರಲಿಲ್ಲ. ಶಿವಾಜಿನಗರದ ಸುತ್ತಿನ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಹೆಸರಿನಲ್ಲಿ ಆಸ್ಟ್ರೇಲಿಯಾದ ಬಡ್ಜಿಗಳು ಬಂದವು, ಕಾಕಟೀಲ್ ಬಂದವು, ದುಡ್ಡಿದ್ದವರ ಮನೆಗೆ ಮಕಾವ್ ಮತ್ತು ಆಫ್ರಿಕನ್ ಗ್ರೇ. ಮೈಸೂರಿನ ದತ್ತಪೀಠದ ಶುಕವನದಲ್ಲಿ ಇಂಥ ನಾನಾ ದೇಶದ ಗಿಳಿಗಳು ಜನರ ನೋಟಕ್ಕೆ ಬಂದವು.

ನನ್ನ ಮನೆಗೆ ಬಂದದ್ದು ಒಂದು ಆಫ್ರಿಕನ್ ಗ್ರೇ. ಕೊಂಡದ್ದಲ್ಲ. ಮಗಳ ಬಳಿ ನೆಲೆಸಲು ಹೊರದೇಶಕ್ಕೆ ಹೊರಟ ಮಂಗಳೂರಿನ ಸ್ನೇಹಿತೆಯೊಬ್ಬಳು ಬಿಟ್ಟುಹೋದದ್ದು. ಬೂದಿ ಬಣ್ಣದ ಗರಿಗಳಿಗೆಲ್ಲ ಬಿಳಿ ಅಂಚು, ಕುಂಕುಮದಂಥ ಬಾಲ, ತಿಳಿಹಳದಿ ಕಣ್ಣು. ಹಸಿಮೆಣಸಿನಕಾಯಿ ಸೀಳಿಕೊಟ್ಟರೆ ಕಾಲಲ್ಲಿ ಹಿಡಿದು ಬೀಜ ಮಾತ್ರ ತಿಂದು ಸಿಪ್ಪೆ ಎಸೆಯುತ್ತದೆ. ಹಳೆಯ ಮನೆಯ ಗೇಟಿನ ಕಿರುಗುಟ್ಟು, ಅವಳ ಕೊಂಕಣಿಯ ‘ಯೋ ಯೋ’ ಇನ್ನೂ ಅದರ ಗಂಟಲಲ್ಲಿವೆ. ಇಂಥ ಜೀವಿಗಳನ್ನು ಕಾಂಗೊ, ಕ್ಯಾಮರೂನ್ ಕಾಡುಗಳಲ್ಲಿ ಹಿಡಿದು ಹಿಡಿದು ಬರಿದು ಮಾಡಿದ್ದಾರೆ. ಘಾನಾದಲ್ಲಂತೂ ಬಹುತೇಕ ಮುಗಿದೇಹೋಗಿವೆ. ಅದಕ್ಕಾಗಿಯೇ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ದೇಶಗಳು 2016ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಸೇರಿದ ಸಭೆ ಈ ಗಿಳಿಯನ್ನು ಅತಿ ಕಟ್ಟುನಿಟ್ಟಿನ ಮೊದಲನೆಯ ಅನುಬಂಧಕ್ಕೆ ಸೇರಿಸಿದ್ದು. ಅದು ಸರಿಯಾದ ನಿರ್ಧಾರ. ಲೆಕ್ಕವಿಲ್ಲದೆ ಹಕ್ಕಿ ಸಾಗಿಸುವ ಕಾಲ ಮುಗಿಯಲೇಬೇಕಿತ್ತು.

ಭಾರತ ಈ ಒಪ್ಪಂದ ಸೇರಿದ್ದು 1976ರಲ್ಲಿ. ಮನೆಗಳೊಳಗಿನ ವಿದೇಶಿ ಪ್ರಾಣಿಗಳ ಲೆಕ್ಕ ಕೇಳಿದ್ದು 2020ರ ಜೂನ್‌ನಲ್ಲಿ. ಆರು ತಿಂಗಳೊಳಗೆ ತಾವಾಗಿ ಘೋಷಿಸಿಕೊಂಡವರಿಂದ ದಾಖಲೆ ಕೇಳುವುದಿಲ್ಲ ಎಂದಿತು ಸರ್ಕಾರ, ನಾನು ಘೋಷಿಸಿದೆ. 2023ರ ಏಪ್ರಿಲ್ 1ರಿಂದ ಆ 2022ರ ತಿದ್ದುಪಡಿ ಜಾರಿಗೆ ಬಂತು, 2024ರ ಫೆಬ್ರವರಿಯಲ್ಲಿ ನೋಂದಣಿ ನಿಯಮಗಳು ಹೊರಬಿದ್ದವು. ಮತ್ತೆ ಆರು ತಿಂಗಳ ಗಡುವು, ಅರ್ಜಿಗೆ 1000 ರೂಪಾಯಿ ಶುಲ್ಕ. ಹಿಂದೆ ಘೋಷಿಸಿದ ಕಾಗದ ತೋರಿಸಿದರೆ, ‘ಅದು ಬೇರೆ, ಇದು ಬೇರೆ ಮೇಡಂ’ ಎಂದರು ಕಚೇರಿಯವರು.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ನೌಕರಿ ಮಾಡಿ ನಿವೃತ್ತಳಾದವಳು. ಅರ್ಜಿ, ರಶೀದಿ, ಮೊಹರು ನನಗೆ ಹೊಸತಲ್ಲ. ಆದರೆ ಗಿಳಿಯನ್ನು ಅರಿಯದ ಅರ್ಜಿ ಅದು. ಗಂಡೋ ಹೆಣ್ಣೋ ಬರೆಯಬೇಕು. ಈ ಜಾತಿಯಲ್ಲಿ ಎರಡೂ ಕಣ್ಣಿಗೆ ಒಂದೇ ಥರ. ಎದೆಯ ನಾಲ್ಕಾರು ಗರಿ ಕಿತ್ತು ಡಿಎನ್ಎ ಪರೀಕ್ಷೆಗೆ ಕಳಿಸಬೇಕಾಯಿತು. ಕಾಲುಂಗುರದ ಸಂಖ್ಯೆ ಬೇಕು. ಅದು ಮರಿಯ ಪಾದ ಇನ್ನೂ ಸಣ್ಣದಿರುವಾಗ ತೂರಿಸುವ ಬೆಸುಗೆಯಿಲ್ಲದ ಬಳೆ, ದೊಡ್ಡದಾದ ಮೇಲೆ ಹಾಕಲೂ ಆಗದು, ತೆಗೆಯಲೂ ಆಗದು. ವರ್ಷಗಟ್ಟಲೆ ಕೊಕ್ಕಿನಿಂದ ಕಚ್ಚಿ ಅಂಕಿಗಳು ಸವೆದಿದ್ದವು. ಹಕ್ಕಿಯನ್ನು ಟವೆಲಿನಲ್ಲಿ ಸುತ್ತಿ ನಾನು ಹಿಡಿದೆ, ತಂಗಿಯ ಮಗಳು ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ಓದಿದಳು. ಕೊನೆಯ ಅಂಕಿ ಮೂರೋ ಎಂಟೋ ಇವತ್ತಿಗೂ ಗೊತ್ತಿಲ್ಲ. ಕೈಯೊಳಗೆ ಅದರ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ನನಗೇ ಭಯವಾಯಿತು. ಅಂಕಿ ಅಸ್ಪಷ್ಟ ಎಂದು ಅರ್ಜಿ ಹಿಂದಕ್ಕೆ ಬಂತು. ಕೊನೆಗೆ ಪಶುವೈದ್ಯರು ಎದೆಯ ಮಾಂಸಖಂಡದಲ್ಲಿ ಮೈಕ್ರೊಚಿಪ್ ಕೂರಿಸಿದರು. ಹಸು, ನಾಯಿ ನೋಡುವ ವೈದ್ಯರು ಬೇಕಾದಷ್ಟಿದ್ದಾರೆ, ಗಿಳಿಯನ್ನು ಬಲ್ಲವರನ್ನು ಮಾತ್ರ ಹುಡುಕಿಕೊಂಡು ಹೋಗಬೇಕು.

ಬಡ್ಜಿ, ಕಾಕಟೀಲ್‌ಗಳು ಸೈಟಿಸ್ ಪಟ್ಟಿಯಲ್ಲಿಲ್ಲ, ಅವಕ್ಕೆ ಈ ನೋಂದಣಿ ಬೇಡ. ಕದ್ದು ತಂದು ಹಿತ್ತಲಲ್ಲಿ ಮುಚ್ಚಿಟ್ಟವನಿಗೂ ಯಾವ ತೊಂದರೆಯೂ ಇಲ್ಲ, ಯಾರಾದರೂ ದೂರು ಕೊಡುವತನಕ. ಬಾಗಿಲು ತೆರೆದು ‘ಬನ್ನಿ, ನೋಡಿ’ ಎಂದವರಿಗೆ ಮಾತ್ರ ಓಡಾಟ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ, ಯಾಕೆಂದರೆ ಹೇಳಿಕೊಂಡವರಿಗೆ ಕಷ್ಟ ಕೊಟ್ಟಷ್ಟೂ ಬಚ್ಚಿಡುವವರು ಹೆಚ್ಚುತ್ತಾರೆ. ಆಗ ನಷ್ಟವಾಗುವುದು ಕಾಂಗೊದ ಕಾಡಿಗೆ.

ಈ ಗಿಳಿಗಳು ಸಾಕಿದ ಮನೆಯಲ್ಲಿ ನಲವತ್ತು, ಐವತ್ತು ವರ್ಷ ಬಾಳಬಲ್ಲವು. ನನಗೀಗ ಅರವತ್ತಾರು. ಬದುಕಿರುವಾಗ ಇನ್ನೊಬ್ಬರಿಗೆ ಒಪ್ಪಿಸಿ ತಿಳಿಸಲು ನಿಯಮದಲ್ಲಿ ದಾರಿಯಿದೆ. ಸಾಕಿದವರು ದಿಢೀರನೆ ತೀರಿಕೊಂಡರೆ ಹಕ್ಕಿ ಯಾರದು, ಹೆಸರು ಬದಲಾಗುವವರೆಗೆ ಅದಕ್ಕೆ ಅನ್ನ ಹಾಕಿದವರು ತಪ್ಪಿತಸ್ಥರೇ ಎಂದು ಕಚೇರಿಯಲ್ಲಿ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ನೋಂದಣಿ ಅರ್ಜಿಯಲ್ಲೇ ವಾರಸುದಾರರ ಹೆಸರು ಬರೆಯಲು ಒಂದು ಕಾಲಂ ಇಡಿ, ಬ್ಯಾಂಕ್ ಖಾತೆಗೆ ಇರುವಂಥದ್ದೇ, ಎಂದು ಬರೆದುಕೊಟ್ಟು ಬಂದಿದ್ದೇನೆ. ಅಲ್ಲಿ ಬರೆಯಬೇಕಾದದ್ದು ತಂಗಿಯ ಮಗಳ ಹೆಸರು, ಅವಳು ಒಪ್ಪಿದ್ದಾಳೆ.