ಡಬ್ಬಾ: ಪದದ ಮೂಲ ಮತ್ತು ಅರ್ಥವಿಸ್ತಾರ

ಡಬ್ಬಾ ಎಂದರೆ ಪದಾರ್ಥಗಳನ್ನು ತುಂಬಿಡಲು ಬಳಸುವ, ಮುಚ್ಚಳವುಳ್ಳ ಪಾತ್ರೆ. ಕನ್ನಡದಲ್ಲಿ ಡಬ್ಬ, ಡಬ್ಬಿ, ಮರಾಠಿಯಲ್ಲಿ ಡಬಾ, ಡಬೀ, ಗುಜರಾತಿಯಲ್ಲಿ ಡಬ್ಬೊ, ಹಿಂದಿಯಲ್ಲಿ ಡಬ್ಬಾ, ಡಿಬ್ಬಾ. ಈ ನಾಲ್ಕೂ ಭಾಷೆಯವರು ಒಂದೇ ಚಾಳಿನಲ್ಲಿ ಬಾಳಿದ ಮುಂಬಯಿಯಲ್ಲಿ ಪದದ ಅರ್ಥ ಊಟ, ರೈಲು, ಮಕ್ಕಳ ಆಟ, ಷೇರುಪೇಟೆಗಳವರೆಗೆ ಹಬ್ಬಿದೆ.

ಮೂಲ: 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ‘ಡಬರ್’ ಎಂಬ ನಮೂದಿದೆ. ತುಪ್ಪ, ಎಣ್ಣೆ ಸಾಗಿಸಲು ಬಳಸುತ್ತಿದ್ದ ಎಮ್ಮೆ ಚರ್ಮದ ದೊಡ್ಡ ಪಾತ್ರೆಗೆ ಈ ಹೆಸರಿತ್ತು. ಪರ್ಷಿಯನ್ನಿನ ‘ದಬ್ಬಾ’ ಇದರ ಮೂಲವೆಂದು ನಿಘಂಟುಕಾರರು ಗುರುತಿಸಿದ್ದಾರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸೀಮೆಎಣ್ಣೆ ನಾಲ್ಕು ಗ್ಯಾಲನ್ ಹಿಡಿಯುವ ತಗಡಿನ ಡಬ್ಬಗಳಲ್ಲಿ ಬರತೊಡಗಿತು. ಬರಿದಾದ ಡಬ್ಬ ನೀರು ಹೊರಲು, ಧಾನ್ಯ ತುಂಬಿಡಲು ಒದಗಿತು. ಕತ್ತರಿಸಿ ಹರವಿದರೆ ಗುಡಿಸಲಿನ ಮಾಡಿಗೂ ಆಯಿತು. ಅಡುಗೆ ಎಣ್ಣೆಯ ವ್ಯಾಪಾರದಲ್ಲಿ ಡಬ್ಬ ಒಂದು ಅಳತೆಯೂ ಹೌದು: 15 ಕಿಲೋ ಎಣ್ಣೆಯ ಟಿನ್ನಿಗೆ ಆ ಹೆಸರು.

ಊಟ: ಮುಂಬಯಿಯಲ್ಲಿ ‘ಡಬ್ಬಾ ಬಂತೇ?’ ಎಂದರೆ ‘ಊಟ ಬಂತೇ?’ ಎಂದೇ ಅರ್ಥ. ಪಾತ್ರೆಯ ಹೆಸರು ಒಳಗಿನ ಅನ್ನಕ್ಕೂ, ತಿಂಗಳ ಲೆಕ್ಕದಲ್ಲಿ ಊಟ ಕಳುಹಿಸುವ ಏರ್ಪಾಟಿಗೂ ಸಂದಿದೆ. 1890ರಲ್ಲಿ ಮಹಾದು ಹಾವಜಿ ಬಚ್ಚೆ ಸುಮಾರು ನೂರು ಜನರೊಂದಿಗೆ ಆರಂಭಿಸಿದ ಕೆಲಸದಿಂದ ‘ಡಬ್ಬಾವಾಲಾ’ ಎಂಬ ವೃತ್ತಿನಾಮ ನೆಲೆನಿಂತಿತು. ಈ ಶ್ರಮಜೀವಿಗಳಲ್ಲಿ ಹೆಚ್ಚಿನವರು ಪುಣೆ ಜಿಲ್ಲೆಯ ಮಾವಳ, ಖೇಡ್, ಜುನ್ನರ್, ಅಂಬೇಗಾಂವ್ ತಾಲೂಕುಗಳವರು. ಅವರ ಟ್ರಸ್ಟ್ 1956ರಲ್ಲಿ ನೋಂದಣಿಯಾಯಿತು. ಡಬ್ಬಾದ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಗುರುತುಗಳೇ ವಿಳಾಸ: ಇಳಿಸಬೇಕಾದ ಸ್ಟೇಷನ್ನಿಗೊಂದು ಅಂಕಿ, ಕಟ್ಟಡಕ್ಕೆ ಒಂದೆರಡು ಅಕ್ಷರ, ಮಹಡಿಗೆ ಮತ್ತೊಂದು ಅಂಕಿ, ಡಬ್ಬಾ ಹೊರಟ ಬಡಾವಣೆಗೊಂದು ಗುರುತು. 2020ರ ಲಾಕ್‌ಡೌನಿಗೆ ಮುನ್ನ ಸುಮಾರು 5,000 ಮಂದಿ ದಿನಕ್ಕೆ 2 ಲಕ್ಷದಷ್ಟು ಡಬ್ಬಾಗಳನ್ನು ತಲುಪಿಸುತ್ತಿದ್ದರು; ಕಚೇರಿಗಳು ಮುಚ್ಚಿದಾಗ ಈ ಕೆಲಸ ಬಹಳವಾಗಿ ಕುಗ್ಗಿತು. 2013ರ ಹಿಂದಿ ಚಲನಚಿತ್ರ ‘ದಿ ಲಂಚ್‌ಬಾಕ್ಸ್’ ತಪ್ಪು ವಿಳಾಸ ಸೇರಿದ ಒಂದು ಡಬ್ಬಾದ ಸುತ್ತ ಹೆಣೆದ ಕಥೆ.

ರೈಲು: 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕರ ರೈಲಿಗೆ 14 ಗಾಡಿಗಳಿದ್ದವು. ಇಂಥ ಗಾಡಿಯನ್ನು ಮರಾಠಿ, ಹಿಂದಿಗಳಲ್ಲಿ ಡಬ್ಬಾ ಎನ್ನುತ್ತಾರೆ. ಲೋಕಲ್ ರೈಲುಗಳು ಈಗ ಹೆಚ್ಚಾಗಿ 12 ಅಥವಾ 15 ಡಬ್ಬಾಗಳವು. ಲೇಡೀಸ್ ಡಬ್ಬಾ, ಫಸ್ಟ್‌ಕ್ಲಾಸ್ ಡಬ್ಬಾ, ಲಗೇಜ್ ಡಬ್ಬಾ ಎಂಬ ಮಾತುಗಳು ನಿತ್ಯ ಬಳಕೆಯವು. ಊಟದ ಡಬ್ಬಾಗಳು ಉದ್ದನೆಯ ಮರದ ತಟ್ಟೆಗಳಲ್ಲಿ ಸಾಗುವುದು ಲಗೇಜ್ ಡಬ್ಬಾದಲ್ಲಿ. ಕನ್ನಡದಲ್ಲಿ ಈ ಅರ್ಥಕ್ಕೆ ‘ಬೋಗಿ’ ಹೆಚ್ಚು ರೂಢಿ.

ಇತರ ಅರ್ಥಗಳು: ‘ಡಬಾ ಐಸ್‌ಪೈಸ್’ ಮಹಾರಾಷ್ಟ್ರದ ಮಕ್ಕಳ ಕಣ್ಣಾಮುಚ್ಚಾಲೆ. ಎಸೆದ ಖಾಲಿ ಡಬ್ಬವನ್ನು ಕಳ್ಳನಾದವನು ತಂದಿಡುವಷ್ಟರಲ್ಲಿ ಉಳಿದವರು ಅಡಗಿಕೊಳ್ಳುತ್ತಾರೆ. ಷೇರುಪೇಟೆಯಲ್ಲಿ ‘ಡಬ್ಬಾ ಟ್ರೇಡಿಂಗ್’ ಎಂದರೆ ವಿನಿಮಯ ಕೇಂದ್ರದ ಹೊರಗೆ, ಷೇರು ಕೈಬದಲಾಗದೆ, ಬೆಲೆಯ ಏರಿಳಿತದ ಮೇಲೆ ಹಣ ಹೂಡುವ ಗುಟ್ಟಿನ ವಹಿವಾಟು. 1956ರ ಸೆಕ್ಯುರಿಟೀಸ್ ಒಪ್ಪಂದಗಳ ಕಾಯ್ದೆಯಡಿ ಇದು ಅಪರಾಧ. ಆಡುಮಾತಿನಲ್ಲಿ ಕೆಟ್ಟ ಸಿನಿಮಾ, ಹಳೆಯ ವಾಹನ, ಸತ್ವವಿಲ್ಲದ ಯಾವುದೇ ವಸ್ತುವೂ ‘ಡಬ್ಬಾ’.

ಕನ್ನಡ ಬಳಕೆ: ಕನ್ನಡದಲ್ಲಿ ಡಬ್ಬ ದೊಡ್ಡದು, ಡಬ್ಬಿ ಚಿಕ್ಕದು, ಮರಾಠಿಯ ಡಬಾ, ಡಬೀಗಳಲ್ಲೂ ಇದೇ ಭೇದ. ಸೀಮೆಎಣ್ಣೆ ಡಬ್ಬ, ನಶ್ಯದ ಡಬ್ಬಿ, ದೇವಾಲಯದ ಕಾಣಿಕೆ ಡಬ್ಬಿ ಮನೆಮಾತಿನ ಜೋಡಿಪದಗಳು. ತಗಡಿನ ಪೆಟ್ಟಿಗೆಯಂಥ ಗೂಡಂಗಡಿಗೆ ಡಬ್ಬಾ ಅಂಗಡಿ ಎಂಬ ಹೆಸರಿದೆ. ಗೋಣಿಚೀಲ ಹೊಲಿಯುವ ದಬ್ಬಣ ಉಚ್ಚಾರದಲ್ಲಿ ಹತ್ತಿರವಾದರೂ ಬೇರೆಯೇ ಪದ.