ಕಾಣೆಯಾದ ಗಾಮಾ ಕಿರಣಗಳ ಚರಿತ್ರೆ

ಗೆಲಾಕ್ಸಿಗಳ ನಡುವಿನ ಬಯಲಲ್ಲಿ ಘನ ಮೀಟರಿಗೆ ಸರಾಸರಿ ಒಂದು ಪ್ರೋಟಾನೂ ಸಿಗುವುದಿಲ್ಲ. ಅಂಥ ಕಡೆ ಏನು ತಾನೇ ನಡೆದೀತು ಎಂಬ ನೆಮ್ಮದಿಯನ್ನು 2008ರಲ್ಲಿ ಉಡಾವಣೆಯಾದ ಫರ್ಮಿ ದೂರದರ್ಶಕ ಕದಡಿತು. ತಮ್ಮ ಕಣಧಾರೆಯನ್ನು ನಮ್ಮತ್ತ ಚಾಚಿರುವ ಬ್ಲೇಜಾರ್ ಎಂಬ ಗೆಲಾಕ್ಸಿಗಳು ಟೆರಾ ಎಲೆಕ್ಟ್ರಾನ್‌ವೋಲ್ಟ್ ಗಾಮಾ ಕಿರಣಗಳನ್ನು ಸೂಸುತ್ತವೆ. ದಾರಿಯಲ್ಲಿ ನಕ್ಷತ್ರಗಳ ಹಳೆಯ ಬೆಳಕಿಗೆ ತಾಗಿ ಅವು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳಾಗುತ್ತವೆ. ಆ ಜೋಡಿಗಳು ವಿಶ್ವದ ಹಿನ್ನೆಲೆ ವಿಕಿರಣಕ್ಕೆ ಶಕ್ತಿ ಕೊಟ್ಟು ಗಿಗಾ ಎಲೆಕ್ಟ್ರಾನ್‌ವೋಲ್ಟ್ ಮಟ್ಟದ ಗಾಮಾ ಕಿರಣಗಳನ್ನು ಹುಟ್ಟಿಸಬೇಕು. ಆದರೆ 1ಇಎಸ್ 0229+200ನಂಥ ಬ್ಲೇಜಾರ್‌ಗಳ ಕಡೆಯಿಂದ ನಿರೀಕ್ಷಿಸಿದಷ್ಟು ಗಿಗಾ ಕಿರಣ ಬರಲೇ ಇಲ್ಲ.

2010ರಲ್ಲಿ ನೆರೊನೊವ್ ಮತ್ತು ವೊವ್ಕ್ ಇದಕ್ಕೆ ಕಾಂತಕ್ಷೇತ್ರವನ್ನು ಕಾರಣವಾಗಿ ಮುಂದಿಟ್ಟರು: ಕನಿಷ್ಠ 3 × 10⁻¹⁶ ಗಾಸ್ ಬಲವಿದ್ದರೂ ಜೋಡಿಗಳ ದಾರಿ ಬಾಗಿ, ಅವು ಹುಟ್ಟಿಸಿದ ಬೆಳಕು ನಮ್ಮ ಕಣ್ಣಿಗೆ ಬೀಳದು. 2012ರಲ್ಲಿ ಬ್ರಾಡರಿಕ್, ಚಾಂಗ್, ಫ್ರೊಮರ್ ಇದನ್ನು ಒಪ್ಪಲಿಲ್ಲ. ಅವರ ವಾದದ ಬೇರು ಪ್ರಯೋಗಾಲಯದಲ್ಲಿದೆ. ಅನಿಲದ ನಳಿಗೆಗಳಲ್ಲಿ ಲ್ಯಾಂಗ್‌ಮ್ಯೂರ್ 1920ರ ದಶಕದಲ್ಲಿ ಗುರುತಿಸಿದ ಕಂಪನಗಳ ಜಾಡು ಹಿಡಿದು, ಪ್ಲಾಸ್ಮಾದೊಳಗೆ ಹರಿಯುವ ಎಲೆಕ್ಟ್ರಾನ್ ಧಾರೆ ತನ್ನ ಶಕ್ತಿಯನ್ನು ಅಲೆಗಳಿಗೆ ಬಿಟ್ಟುಕೊಡುತ್ತದೆಂದು ಬೋಮ್ ಮತ್ತು ಗ್ರಾಸ್ 1949ರಲ್ಲಿ ತೋರಿಸಿದ್ದರು. ಜೋಡಿಗಳ ಧಾರೆಯೂ ಹೀಗೆಯೇ ಬೆಳಕು ಚೆಲ್ಲುವ ಮೊದಲೇ ಸೋತು, ಸುತ್ತಲಿನ ತೆಳು ಅನಿಲವನ್ನು ಕಾಯಿಸುತ್ತದೆ ಎಂದರು ಈ ಮೂವರು. ಸುಂದರವಾದ ವಿಚಾರವದು. ಕಾಣದ ಕ್ಷೇತ್ರವನ್ನು ಊಹಿಸಿಕೊಳ್ಳದೆ, ಬಲ್ಲ ಭೌತಶಾಸ್ತ್ರದಿಂದಲೇ ಉತ್ತರ ಹೊರಡುತ್ತದೆ.

ಆದರೂ ಸಾಕ್ಷ್ಯ ಕಾಂತಕ್ಷೇತ್ರದ ಕಡೆಗೇ ವಾಲುತ್ತದೆಂದು ನನ್ನ ಎಣಿಕೆ. ಅಲೆ ಬೆಳೆಯಬೇಕಾದರೆ ಧಾರೆಯ ಕಣಗಳೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಸಾಗಬೇಕು. ನಿಜವಾದ ಧಾರೆ ಅಷ್ಟು ಶಿಸ್ತಿನದಲ್ಲ. ಅನಿಲದ ಸಾಂದ್ರತೆಯ ಏರುಪೇರೂ ಅಲೆಗಳನ್ನು ಬೇಗ ತಣಿಸುತ್ತದೆಂದು 2013ರಲ್ಲಿ ಮಿನಿಯಾಟಿ ಮತ್ತು ಎಲ್ಯಿವ್ ತೋರಿಸಿದರು. ಇದನ್ನು ಪರೀಕ್ಷಿಸುವ ಕಂಪ್ಯೂಟರ್ ಅನುಕರಣೆಗಳು ಬಯಲಿನ ಅತಿ ವಿರಳ ಧಾರೆಯನ್ನು ನೇರವಾಗಿ ಮುಟ್ಟಲಾರವು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿಯೇ ಸರ್ನ್‌ನ ಪ್ರಯೋಗ ಮುಖ್ಯ. ಅಲ್ಲಿ 440 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಪ್ರೋಟಾನ್‌ಗಳಿಂದ ಹುಟ್ಟಿಸಿದ ಜೋಡಿಗಳನ್ನು ಒಂದು ಮೀಟರ್ ಪ್ಲಾಸ್ಮಾದಲ್ಲಿ ಹರಿಸಿದಾಗ ಧಾರೆ ಚದುರದೆ ಉಳಿಯಿತು. 2025ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ಮೀಟರ್ ಎಲ್ಲಿ, ಅಂತರಗೆಲಾಕ್ಸಿ ಬಯಲೆಲ್ಲಿ ಎಂದು ಕೇಳಬಹುದು. ಆ ಪ್ರಯೋಗ ಬಯಲನ್ನು ಮರುಸೃಷ್ಟಿಸಿಲ್ಲ, ನಿಜ. ಕಾಗದದ ಮೇಲಿನ ಆದರ್ಶ ಧಾರೆಯಲ್ಲಿ ಭರದಿಂದ ಬೆಳೆಯುವ ಈ ಅಲೆಗಳ ಅಸ್ಥಿರತೆ ಕಣಗಳ ಅಲ್ಪ ಚದುರುವಿಕೆಗೇ ಅಡಗುತ್ತದೆ ಎಂಬುದನ್ನು ಮಾತ್ರ ಅದು ನಿಜವಾದ ಕಣಗಳಲ್ಲೇ ತೋರಿಸಿದೆ. ಹಾಗಾದರೆ ಕಾಂತಕ್ಷೇತ್ರದ ಪರ ನಿಲ್ಲುವವರ ಮೇಲೆ ಹೊಸ ಹೊಣೆ ಬೀಳುತ್ತದೆ: ಗೆಲಾಕ್ಸಿಗಳೇ ವಿರಳವಾದ ಆ ಬಯಲಿಗೆ ಕ್ಷೇತ್ರ ಬಂದದ್ದೆಲ್ಲಿಂದ, ವಿಶ್ವದ ಬಾಲ್ಯದಿಂದಲೋ, ಆಮೇಲೋ ಎಂಬುದನ್ನು ಅವರು ಹೇಳಬೇಕು.